ಹೂವು ಎರಚಿದವರು, ಹೂವು ಗುಡಿಸಿದವರು

2023ರ ಮೇ 6, ಶನಿವಾರ. ವಿಧಾನಸಭೆ ಚುನಾವಣೆಯ ಮತದಾನಕ್ಕೆ ಇನ್ನು ನಾಲ್ಕೇ ದಿನ. ಜೆ.ಪಿ. ನಗರದ ಕಡೆಯಿಂದ ಹೊರಟ ಪ್ರಧಾನಿ ನರೇಂದ್ರ ಮೋದಿಯವರ ವಾಹನ ಜಯನಗರ, ಸೌತ್ ಎಂಡ್ ಸರ್ಕಲ್, ಬಸವನಗುಡಿ, ಚಾಮರಾಜಪೇಟೆ, ರಾಜಾಜಿನಗರಗಳನ್ನು ಹಾದು ಮಲ್ಲೇಶ್ವರ ಮುಟ್ಟಿತು. ಒಟ್ಟು ಸುಮಾರು 26 ಕಿಲೋಮೀಟರ್. ದಾರಿಯುದ್ದಕ್ಕೂ ಬುಟ್ಟಿಗಟ್ಟಲೆ ಹೂವು ಬಿತ್ತು. ಜೈಕಾರ ಆಯಿತು. ನಾವು ಚಾಮರಾಜಪೇಟೆಯಲ್ಲಿ ಕಟ್ಟಿದ್ದ ಬೇಲಿಯ ಹಿಂದೆ ನಿಂತು ನೋಡಿದೆವು. ಎದುರಾಳಿಯನ್ನು ಬಯ್ಯುವ ಮೊದಲು ಅವನ ಆಟವನ್ನು ಪೂರ್ತಿ ನೋಡಬೇಕು ಅನ್ನುವುದು ನಮ್ಮ ಹಳೆಯ ಪಾಠ. ಈಚೆಗೆ ಅದನ್ನು ಮರೆತಿದ್ದೇವೆ.

ವಾಹನ ಮುಂದೆ ಹೋದ ಮೇಲೆ ಪೊರಕೆ ಹಿಡಿದ ಹೆಣ್ಣುಮಕ್ಕಳು ಬಂದರು. ನಮ್ಮಲ್ಲೊಬ್ಬರು ಕೇಳಿದರು: "ಏನಕ್ಕಾ, ನೋಡಿದ್ರಾ ಮೋದೀನ?"

"ನೋಡಕ್ಕೆಲ್ಲಿ ಬಿಟ್ರಣ್ಣಾ. ಆ ಸಂದಿಲಿ ನಿಲ್ಲಿಸಿದ್ರು. ಹೋದ್ಮೇಲೆ ಬನ್ನಿ ಅಂದ್ರು. ಇವತ್ತು ಎರಡು ಗಾಡಿ ಕಸ ಜಾಸ್ತಿ."

"ಓಟು ಯಾರಿಗೆ?"

"ಅದನ್ನ ರಸ್ತೇಲಿ ಹೇಳ್ತಾರಾ?"

ಆಕೆ ಹೂವನ್ನು ಒಂದು ಕಡೆಗೆ ಎಳೆದುಕೊಂಡು ಹೋದರು. ನಾವು ಚಹಾ ಕುಡಿಯೋಕೆ ಹೋದೆವು. ಅಲ್ಲಿ ಶುರುವಾದ ಜಗಳವೇ ಈ ಲೇಖನ. ಜನರಿಗೆ ಬೇಡವಾದ ಒಂದು ಸರ್ಕಾರದ ಪಕ್ಷ ಮತ್ತೆ ಗೆಲ್ಲಲು ನಡೆಸಿದ ಈ ಪ್ರಚಾರ ಕೆಲಸ ಮಾಡಿತೆ, ಇಲ್ಲವೆ? ಫಲಿತಾಂಶ ಬಂದು ವರ್ಷಗಳಾದವು. ಜಗಳ ಮುಗಿದಿಲ್ಲ.

ನಮ್ಮ ಗೆಳೆಯರಲ್ಲಿ ಬಹಳ ಜನರ ಉತ್ತರ ಮೇ 13ರ ಸಂಜೆಯೇ ಸಿದ್ಧವಾಗಿತ್ತು: "ದುಡ್ಡು ನಡೀಲಿಲ್ಲ, ದೇವರು ನಡೀಲಿಲ್ಲ, ಜನ ಬುದ್ಧಿ ಕಲಿಸಿದರು." ಬಿಜೆಪಿ 104ರಿಂದ 66ಕ್ಕೆ ಇಳಿದಿತ್ತು, ಕಾಂಗ್ರೆಸ್ 80ರಿಂದ 135ಕ್ಕೆ ಏರಿತ್ತು. ಹತ್ತಕ್ಕೂ ಹೆಚ್ಚು ಸಚಿವರು ಮನೆಗೆ ಹೋಗಿದ್ದರು. ಕುಣಿದಾಡಬೇಕಾದ ಸಂಜೆಯೇ. ನಾವೂ ಕುಣಿದೆವು. ಆದರೆ ಸೀಟು ಎಣಿಸಿದವರು ಓಟು ಎಣಿಸಲಿಲ್ಲ. 2018ರಲ್ಲಿ ಬಿಜೆಪಿಗೆ ಬಿದ್ದ ಓಟು ಶೇ. 36.2. 2023ರಲ್ಲಿ ಶೇ. 36. ಕೊಡದಿಂದ ನೀರು ಚೆಲ್ಲಿಲ್ಲ ಗೆಳೆಯರೆ. ಚೆಲ್ಲಿದ್ದು ಜೆಡಿಎಸ್ ಕೊಡದಿಂದ. ಅದು ಶೇ. 18.3ರಿಂದ 13.3ಕ್ಕೆ ಇಳಿಯಿತು, ಕಾಂಗ್ರೆಸ್ಸು ಶೇ. 38ರಿಂದ 42.9ಕ್ಕೆ ಏರಿತು. ಜನ ಬುದ್ಧಿ ಕಲಿಸಿದರು ಅನ್ನುತ್ತೀರಲ್ಲ, ಈ ಶೇ. 36 ಜನ ಅಲ್ಲವೆ?

ಹಾಗಂತ ಅದೇ ಜನ ಅಲ್ಲೇ ನಿಂತಿದ್ದರು ಅಂತಲೂ ಅರ್ಥವಲ್ಲ. ಉತ್ತರ ಕರ್ನಾಟಕದಲ್ಲಿ ಕಳೆದುಕೊಂಡದ್ದನ್ನು ಆ ಪಕ್ಷ ಬೆಂಗಳೂರಿನಲ್ಲಿ, ಹಳೆ ಮೈಸೂರಿನಲ್ಲಿ ತುಂಬಿಕೊಂಡಿತು. ಆದ್ದರಿಂದ ಪ್ರಚಾರ ಗೆದ್ದಿತೋ ಸೋತಿತೋ ಅಂತ ಒಟ್ಟಿಗೆ ಕೇಳುವುದೇ ತಪ್ಪು. ಎಲ್ಲಿ, ಯಾರ ಹತ್ತಿರ ಅಂತ ಕೇಳಬೇಕು. ಅದಕ್ಕೆ ಹೂವು ಬಿದ್ದ ರಸ್ತೆಗಳಿಂದಲೇ ಹೊರಡೋಣ.

ಚಾಮರಾಜಪೇಟೆ 1892ರದ್ದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹೊತ್ತಿನಲ್ಲಿ ಬೆಳೆದ ಬಡಾವಣೆಗಳು. ಪೇಟೆಯ ಗಲ್ಲಿಗಳಲ್ಲಿ ಜನ ಸಾಯುತ್ತಿದ್ದಾಗ ಗಾಳಿ ಬೆಳಕು ಬೇಕು ಅಂತ ಅಗಲವಾದ ರಸ್ತೆ ಹಾಕಿ, ನಿವೇಶನಗಳನ್ನು ಜಾತಿ ನೋಡಿ ಹಂಚಿದರು. ಗಾಳಿ ಬೆಳಕಿಗೂ ಜಾತಿ ಬಂತು. ರಸ್ತೆ ಗುಡಿಸುವವರಿಗೆ, ಕಕ್ಕಸು ಬಳಿಯುವವರಿಗೆ ಆ ನಕಾಶೆಯಲ್ಲಿ ಎಂಥ ಜಾಗ ಉಳಿಯಿತು ಅಂತ ಈಗಲೂ ಕಾಲ್ನಡಿಗೆಯಲ್ಲಿ ಹೋಗಿ ನೋಡಬಹುದು. ನಾಲ್ಕು ಒಳ್ಳೆಯ ರಸ್ತೆ ದಾಟಿದರೆ ಒಂದು ಕಾಲೋನಿ, ಕಾಲೋನಿಯ ಪಕ್ಕ ಒಂದು ರಾಜಕಾಲುವೆ. ಇದೇ ನೆಲದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಇದೇ ನೆಲದಲ್ಲಿ, ಶಂಕರಪುರದಲ್ಲಿ, ಆರ್‌ಎಸ್‌ಎಸ್‌ನ ಕೇಶವಕೃಪಾ ಇದೆ. ಮಲ್ಲೇಶ್ವರದಲ್ಲಿ ಬಿಜೆಪಿಯ ರಾಜ್ಯ ಕಚೇರಿ ಜಗನ್ನಾಥ ಭವನ ಇದೆ. ಅಂದರೆ ಮೇ 6ರ ರೋಡ್ ಶೋ ಬಹಳ ಮಟ್ಟಿಗೆ ತನ್ನ ಮನೆಯ ಅಂಗಳದಲ್ಲೇ ಸುತ್ತಿ ಬಂದ ಉತ್ಸವ. ಮೂರ್ತಿ ಗುಡಿಯಿಂದ ಹೊರಟು ರಥಬೀದಿ ಸುತ್ತಿ ಗುಡಿಗೇ ಬಂತು. ಕೇರಿಗೆ ಬರುವ ಪದ್ಧತಿ ಉತ್ಸವಮೂರ್ತಿಗೆ ಯಾವತ್ತು ಇತ್ತು?

ಫಲ ಏನಾಯಿತು? ಬಸವನಗುಡಿ 2018ರಲ್ಲಿ ಬಿಜೆಪಿ, 2023ರಲ್ಲೂ ಬಿಜೆಪಿ. ಮಲ್ಲೇಶ್ವರ ಹಾಗೆಯೇ, 40 ಸಾವಿರಕ್ಕೂ ಹೆಚ್ಚು ಅಂತರ. ಚಾಮರಾಜಪೇಟೆ 2018ರಲ್ಲಿ ಕಾಂಗ್ರೆಸ್ಸಿನ ಜಮೀರ್ ಅಹ್ಮದ್ ಖಾನ್, 2023ರಲ್ಲೂ ಅವರೇ, ಅದೂ 50 ಸಾವಿರಕ್ಕೂ ಹೆಚ್ಚು ಅಂತರದಲ್ಲಿ. ಮೂರು ಕ್ಷೇತ್ರಗಳಲ್ಲಿ ಒಂದೂ ಕೈ ಬದಲಾಯಿಸಲಿಲ್ಲ. ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಬಿಜೆಪಿಗೆ 16 ಬಂದವು. 2018ರ 11ಕ್ಕೆ ಹೋಲಿಸಿ ದೊಡ್ಡ ಜಿಗಿತ ಅಂತ ಕೆಲವರು ಬರೆದರು. ಪಕ್ಷಾಂತರ, ಉಪಚುನಾವಣೆ ಎಲ್ಲ ಮುಗಿದ ಮೇಲೆ ಅವರ ಕೈಯಲ್ಲಿ ಆಗಲೇ 15 ಇತ್ತು ಅನ್ನುವುದನ್ನು ಬರೆಯಲಿಲ್ಲ. ದಾಸರಹಳ್ಳಿ, ಜಯನಗರ ಸಿಕ್ಕವು, ಗೋವಿಂದರಾಜನಗರ ಹೋಯಿತು. ಲೆಕ್ಕ ಇಷ್ಟೆ. ಈ ಜಯನಗರವೂ ಹೂವು ಬಿದ್ದ ದಾರಿಯಲ್ಲೇ ಇದೆ. ಅಲ್ಲಿ ರಾತ್ರಿಯವರೆಗೆ ಮರುಎಣಿಕೆ ನಡೆದು ಬಿಜೆಪಿ ಅಭ್ಯರ್ಥಿ ಗೆದ್ದದ್ದು 16 ಓಟಿನಿಂದ. ನ್ಯಾಯವಾಗಿ ನೋಡಿದರೆ ಆ 16 ಓಟನ್ನು ರೋಡ್ ಶೋ ತಂದುಕೊಟ್ಟಿತು ಅಂತ ಯಾರಾದರೂ ವಾದಿಸಿದರೆ ನಮ್ಮ ಹತ್ತಿರ ಉತ್ತರವಿಲ್ಲ.

ಇನ್ನೊಂದು ಲೆಕ್ಕ. ಇಡೀ ರಾಜ್ಯದಲ್ಲಿ ಶೇ. 73ಕ್ಕೂ ಹೆಚ್ಚು ಜನ ಓಟು ಹಾಕಿದರು. ಬೆಂಗಳೂರು ನಗರದಲ್ಲಿ ಹಾಕಿದವರು ಶೇ. 54ರ ಆಸುಪಾಸು. ಮಹಡಿಯ ಮೇಲಿಂದ ಹೂವು ಎರಚುವುದು ಒಂದು ಕೆಲಸ, ಇಳಿದು ಬಂದು ಸಾಲಿನಲ್ಲಿ ನಿಲ್ಲುವುದು ಇನ್ನೊಂದು ಕೆಲಸ. ಸಾಲಿನಲ್ಲಿ ನಿಲ್ಲುವ ಅಭ್ಯಾಸ ಯಾರಿಗಿದೆ? ರೇಷನ್ನಿಗೆ, ನೀರಿಗೆ, ಪೆನ್ಷನ್ನಿಗೆ ನಿಂತವರಿಗೆ ಇದೆ.

ಈಗ ಪ್ರಚಾರದ ಮಾತಿಗೆ ಬರೋಣ. ನಾವು ಸಾಹಿತ್ಯ ಓದುವವರು. ಕವನವನ್ನು ಓದಿದ ಹಾಗೆ ಘೋಷಣೆಯನ್ನೂ ಓದಬಹುದು, ಎಲ್ಲಿ ಬಾಯಿ ಬಿಟ್ಟಿದೆ, ಎಲ್ಲಿ ನುಂಗಿಕೊಂಡಿದೆ ಅಂತ. ಆ ಚುನಾವಣೆಯ ಮುಖ್ಯ ಘೋಷಣೆ: "ಈ ಬಾರಿಯ ನಿರ್ಧಾರ, ಬಹುಮತದ ಬಿಜೆಪಿ ಸರ್ಕಾರ." ಕೇಳಲು ಪ್ರಾಸ ಚೆನ್ನಾಗಿದೆ. ಆದರೆ ಆಳುತ್ತಿರುವ ಪಕ್ಷ "ಮತ್ತೊಮ್ಮೆ" ಅನ್ನಬೇಕಲ್ಲವೆ? ಅದು ಎಲ್ಲಿ ಹೋಯಿತು? "ಬಹುಮತದ" ಅಂದರೆ ಹಿಂದಿನದು ಬಹುಮತದ್ದಲ್ಲ ಅಂತ ಒಪ್ಪಿಕೊಂಡ ಹಾಗಾಯಿತು. ನಿಜವೇ ಅನ್ನಿ. 2018ರಲ್ಲಿ 104ಕ್ಕೆ ನಿಂತ ಪಕ್ಷ, 2019ರ ಜುಲೈನಲ್ಲಿ ಕಾಂಗ್ರೆಸ್ಸು ಮತ್ತು ಜೆಡಿಎಸ್ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟ ಮೇಲೆ ಅಧಿಕಾರಕ್ಕೆ ಬಂತು. ಎರಡು ವರ್ಷಕ್ಕೆ ಯಡಿಯೂರಪ್ಪನವರನ್ನು ಇಳಿಸಿ ಬಸವರಾಜ ಬೊಮ್ಮಾಯಿಯವರನ್ನು ಕೂರಿಸಿತು. ಆ ಬೊಮ್ಮಾಯಿಯವರ ಮುಖ ಮೇ ತಿಂಗಳ ಗೋಡೆಗಳ ಮೇಲೆ ಎಷ್ಟು ಕಡೆ ಕಂಡಿತು? ಮುಖ್ಯಮಂತ್ರಿಯ ಕ್ಷೇತ್ರ ಶಿಗ್ಗಾವಿಯಲ್ಲೇ, ಏಪ್ರಿಲ್‌ನಲ್ಲಿ, ಆ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ಕರ್ನಾಟಕ ಮೋದಿಯವರ ಆಶೀರ್ವಾದದಿಂದ ವಂಚಿತವಾಗಬಾರದು ಎಂಬ ಅರ್ಥದ ಮಾತಾಡಿ ಹೋದರು. ಮದುಮಗನ ಮನೆಯಲ್ಲೇ ಮದುಮಗನ ಹೆಸರು ಬಿಟ್ಟ ಲಗ್ನಪತ್ರಿಕೆ ಅದು.

ಯಾಕೆ ಬಿಟ್ಟರು ಅನ್ನುವುದು ಗುಟ್ಟೇನಲ್ಲ. 2021ರ ಜುಲೈನಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದು, ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕಮಿಷನ್ ಕೇಳುತ್ತಾರೆ ಅಂತ ಆರೋಪಿಸಿತ್ತು. 2022ರ ಏಪ್ರಿಲ್‌ನಲ್ಲಿ ಗುತ್ತಿಗೆದಾರರೊಬ್ಬರ ಸಾವಿನ ನಂತರ ಸಚಿವರೊಬ್ಬರು ರಾಜೀನಾಮೆ ಕೊಟ್ಟರು. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯ ಅಕ್ರಮದಲ್ಲಿ ಎಡಿಜಿಪಿ ದರ್ಜೆಯ ಅಧಿಕಾರಿಯೇ ಬಂಧನಕ್ಕೊಳಗಾದರು. ನಮ್ಮ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು, ಒಪ್ಪೊತ್ತು ಉಂಡು ಓದಿದ ಹುಡುಗರಿಗೆ ಈ ಒಂದು ಸುದ್ದಿ ಸಾಕಾಗಿತ್ತು, ಬೇರೆ ಭಾಷಣ ಬೇಕಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ಸಿನವರು ಬೆಂಗಳೂರಿನ ಗೋಡೆಗಳಿಗೆ "ಪೇಸಿಎಂ" ಪೋಸ್ಟರ್ ಅಂಟಿಸಿದರು. ಬೀಡಾ ಅಂಗಡಿಯಲ್ಲಿ ದುಡ್ಡು ಕೊಡಲು ಇಟ್ಟಿರುತ್ತಾರಲ್ಲ ಚೌಕಳಿ ಗುರುತು, ಅದರ ನಡುವೆ ಮುಖ್ಯಮಂತ್ರಿಯ ಮುಖ. ಸರ್ಕಾರ ಏನು ಮಾಡಿತು? ಅಂಟಿಸಿದವರನ್ನು ಹಿಡಿಸಿತು, ಪೋಸ್ಟರ್ ಕೀಳಿಸಿತು. ಉತ್ತರ ಕೊಡಲಿಲ್ಲ. ಬೆಂಗಳೂರಿನ ಕೆಲವು ಗೋಡೆಗಳಲ್ಲಿದ್ದ ಚಿತ್ರ ಪೊಲೀಸರ ಕೃಪೆಯಿಂದ ರಾಜ್ಯದ ಎಲ್ಲ ಮೊಬೈಲುಗಳಿಗೂ ಹೋಯಿತು. ಆಳುವ ಪಕ್ಷ ತಾನೇ ಕೈಯಾರೆ ಮಾಡಿದ ಎದುರಾಳಿಯ ಪ್ರಚಾರ ಅದು.

ಪ್ರಶ್ನೆಗೆ ಉತ್ತರವಿಲ್ಲದಾಗ ಪ್ರಶ್ನೆಯನ್ನೇ ಬದಲಾಯಿಸಬೇಕು. ಮಾರ್ಚ್‌ನಲ್ಲಿ ಉರಿಗೌಡ ನಂಜೇಗೌಡ ಬಂದರು. ಟಿಪ್ಪುವನ್ನು ಕೊಂದವರು ಇವರೇ ಅಂತ ಒಂದು ಕತೆ, ಮಂಡ್ಯದಲ್ಲಿ ಕಮಾನು, ಸಚಿವರೊಬ್ಬರಿಂದ ಸಿನಿಮಾ ಹೆಸರು. ಆದಿಚುಂಚನಗಿರಿ ಸ್ವಾಮೀಜಿ ಬೇಡ ಅಂದ ಮೇಲೆ ಕತೆ ಮಡಿಚಿಟ್ಟರು. ಮೇ 2ರಂದು ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಪಿಎಫ್‌ಐ ಜೊತೆ ಬಜರಂಗದಳದ ಹೆಸರು ಬಂದದ್ದೇ ತಡ, ಮರುದಿನದಿಂದ ಪ್ರಧಾನಿಯ ಭಾಷಣಗಳಲ್ಲಿ ಜೈ ಬಜರಂಗಬಲಿ. ಚಾಮರಾಜಪೇಟೆಯ ಈದ್ಗಾ ಮೈದಾನ ನೆನಪಿರಬೇಕು. 2022ರ ಆಗಸ್ಟ್‌ನಲ್ಲಿ ಅಲ್ಲಿ ಗಣೇಶ ಕೂರಿಸುವ ಗಲಾಟೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಯಥಾಸ್ಥಿತಿಯ ಆದೇಶದಲ್ಲಿ ನಿಂತಿತ್ತು. ಆ ಬೆಂಕಿ ಇಡೀ ಬೆಂಗಳೂರಿಗೆ ಕಾವು ಕೊಡುತ್ತದೆ ಅಂತ ಲೆಕ್ಕ ಹಾಕಿದ್ದರು. ನಗರದ ಪೊಲೀಸ್ ಕಮಿಷನರ್ ಆಗಿದ್ದವರನ್ನೇ ತಂದು ಅಭ್ಯರ್ಥಿ ಮಾಡಿದರು. ಅಂತರ ಎಷ್ಟಾಯಿತು ಅಂತ ಮೇಲೆ ಹೇಳಿದ್ದೇವೆ.

ಪ್ರಣಾಳಿಕೆಯಲ್ಲಿ ಒಂದು ತಮಾಷೆ ಇದೆ. ಎದುರಾಳಿಯ ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯ ಅಂತ ಹೀಯಾಳಿಸುತ್ತಿದ್ದವರು ಮೇ 1ರಂದು ತಾವೂ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಪುಕ್ಕಟೆ ಅಂದರು. ಆ ಹೊತ್ತಿಗೆ ಸಿಲಿಂಡರ್ ಬೆಲೆ 1,100 ರೂಪಾಯಿ ದಾಟಿತ್ತು. ಸೌದೆ ಒಲೆಗೆ ಮರಳಿದ ಮನೆಗಳು ನಮ್ಮ ಕೇರಿಯಲ್ಲೇ ಇದ್ದವು. ಪುಕ್ಕಟೆ ಸಿಲಿಂಡರಿನ ಮಾತು ಬಾಯಿಗೆ ಬಂದ ಕೂಡಲೇ ಬೆಲೆ ಏರಿಸಿದ ಪಾಪವನ್ನು ಒಪ್ಪಿಕೊಂಡ ಹಾಗಾಯಿತು. ಏಪ್ರಿಲ್‌ನಲ್ಲಿ ಅಮುಲ್ ಬರುತ್ತದೆ ಅಂತ ಎದ್ದ ಕೂಗಿಗೆ ಹೆದರಿ ನಂದಿನಿಯ ಹೆಸರು ಹಿಡಿದದ್ದೂ ಎದ್ದು ಕಾಣುತ್ತಿತ್ತು. ಆ ಮೂರು ಸಿಲಿಂಡರ್ ಯಾವಾಗ? ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು. ರಂಜಾನಿಗೆ ಒಲೆ ಹೊತ್ತುವುದಿಲ್ಲವೆ? ಕ್ರಿಸ್‌ಮಸ್ಸಿಗೆ? ಏಪ್ರಿಲ್ 14ಕ್ಕೆ ನಮ್ಮ ಕೇರಿಗಳಲ್ಲಿ ಊರಿಗೆಲ್ಲ ಅಡುಗೆ ಮಾಡುತ್ತೇವಲ್ಲ, ಅದಕ್ಕೆ? ದಾನ ಕೊಡುವಾಗಲೂ ಪಂಚಾಂಗ ನೋಡಿದ ಪ್ರಣಾಳಿಕೆ ಅದು.

ಇದೆಲ್ಲ ಮೇಲುಮೇಲಿನ ಮಾತಾಯಿತು. ನಮಗೆ ಸಂಬಂಧಪಟ್ಟದ್ದು ಮುಂದಿದೆ.

ಆ ಸರ್ಕಾರ ದಲಿತರಿಗೆ ಏನೂ ಮಾಡಲಿಲ್ಲ ಅಂತ ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ, ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ಶಿಫಾರಸಿನ ಮೇಲೆ, ಪರಿಶಿಷ್ಟ ಜಾತಿಯ ಮೀಸಲಾತಿಯನ್ನು 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದನ್ನು 3ರಿಂದ 7ಕ್ಕೆ ಏರಿಸಿತು. 2023ರ ಮಾರ್ಚ್ 24ರಂದು ಒಳಮೀಸಲಾತಿಯ ತೀರ್ಮಾನ ಮಾಡಿತು: ಎಡಗೈಗೆ 6, ಬಲಗೈಗೆ 5.5, ಬಂಜಾರ ಭೋವಿ ಕೊರಮ ಕೊರಚರಿಗೆ 4.5, ಉಳಿದವರಿಗೆ 1. ಇದನ್ನೇ ಊರೂರಿಗೆ ಹೇಳಿಕೊಂಡು ಹೋದರೆ ದಲಿತ ಓಟು ಕದಲುತ್ತದೆ ಅಂತ ಅವರ ಲೆಕ್ಕ. ಕದಲಿತೆ? 36 ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳಲ್ಲಿ ಕಾಂಗ್ರೆಸ್ 21, ಬಿಜೆಪಿ 12, ಜೆಡಿಎಸ್ 3. ಪರಿಶಿಷ್ಟ ಪಂಗಡದ 15ರಲ್ಲಿ ಕಾಂಗ್ರೆಸ್ 14, ಜೆಡಿಎಸ್ 1, ಬಿಜೆಪಿ ಸೊನ್ನೆ. 3 ಇದ್ದದ್ದನ್ನು 7 ಮಾಡಿದವರಿಗೆ ಸೊನ್ನೆ!

ಈ ಸೊನ್ನೆಯನ್ನು ವಿವರಿಸದೆ ಆ ಪ್ರಚಾರದ ಬಗ್ಗೆ ಬರೆದ ಯಾವ ವಿಮರ್ಶೆಯೂ ಪೂರ್ತಿಯಲ್ಲ. ಪತ್ರಿಕೆಗಳ ಪಂಡಿತರು "ಆಡಳಿತ ವಿರೋಧಿ ಅಲೆ" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಂಡರು. ಅಲೆ ಅಂದರೆ ಏನು? ಅದು ಎಲ್ಲಿಂದ ಏಳುತ್ತದೆ? ಮೀಸಲಾತಿ ಶೇ. 50ರ ಮಿತಿಯನ್ನು ಮೀರಿತ್ತು. ನ್ಯಾಯಾಲಯದಲ್ಲಿ ಉಳಿಯಬೇಕಾದರೆ ಸಂವಿಧಾನದ ಒಂಬತ್ತನೇ ಷೆಡ್ಯೂಲಿಗೆ ಸೇರಿಸಿ ರಕ್ಷಣೆ ಕೊಡಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಅದು ದೆಹಲಿಯ ಕೆಲಸ. ದೆಹಲಿಯಲ್ಲೂ ಅವರೇ, ಬೆಂಗಳೂರಿನಲ್ಲೂ ಅವರೇ. "ಡಬಲ್ ಇಂಜಿನ್ ಸರ್ಕಾರ" ಅಂತ ದಿನಾ ಕೂಗುತ್ತಿದ್ದರಲ್ಲ, ಎರಡೂ ಇಂಜಿನ್ ಒಟ್ಟಿಗೆ ಎಳೆಯಬೇಕಾಗಿದ್ದ ಒಂದೇ ಒಂದು ಗಾಡಿ ನಮ್ಮದು. ಎಳೆಯಲಿಲ್ಲ. ಚುನಾವಣೆ ಬಂತು, ಷೆಡ್ಯೂಲು ಬರಲಿಲ್ಲ. ಓದಿದ ಹುಡುಗರು ಇದನ್ನು ಹಟ್ಟಿಗಳಲ್ಲಿ ಬಿಡಿಸಿ ಹೇಳಿದರು. ಕೈಗೆ ಬಾರದ ಬುತ್ತಿಯ ವಾಸನೆ ಹಿಡಿದು ಎಷ್ಟು ದೂರ ನಡೆಯೋಕಾಗುತ್ತೆ?

ಒಳಮೀಸಲಾತಿಯ ಕತೆ ಇನ್ನೂ ಕಹಿ. ಅದು ನ್ಯಾಯವಾದ ಬೇಡಿಕೆ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ನಮ್ಮೊಳಗಿನ ಬಲಗೈ ಗೆಳೆಯರಿಗೆ ಇದು ಇಷ್ಟವಾಗದಿದ್ದರೂ ಹೇಳುತ್ತೇವೆ. ಸದಾಶಿವ ಆಯೋಗ ವರದಿ ಕೊಟ್ಟದ್ದು 2012ರಲ್ಲಿ. ಆಗ ಅಧಿಕಾರದಲ್ಲಿದ್ದದ್ದೂ ಇದೇ ಪಕ್ಷ. ಹನ್ನೊಂದು ವರ್ಷ ವರದಿ ಮೇಲೆ ಕೂತವರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಫ್ರೀಡಂ ಪಾರ್ಕಿನಲ್ಲಿ ಬಿಸಿಲಿಗೆ ಕೂತು ಕೂತು ನಮ್ಮ ಮಾದಿಗ ಅಣ್ಣತಮ್ಮಂದಿರ ಬೆನ್ನು ಸುಟ್ಟಿತು. ಕೊನೆಗೆ ತೀರ್ಮಾನ ಬಂದದ್ದು ಮಾರ್ಚ್ 24ಕ್ಕೆ. ಚುನಾವಣಾ ಆಯೋಗ ವೇಳಾಪಟ್ಟಿ ಪ್ರಕಟಿಸಿದ್ದು ಮಾರ್ಚ್ 29ಕ್ಕೆ. ನಡುವೆ ಐದು ದಿನ! ಅವತ್ತಿನ ಕಾನೂನಿನ ಪ್ರಕಾರ ರಾಜ್ಯಕ್ಕೆ ಒಳಗೆ ಹಂಚುವ ಅಧಿಕಾರವೂ ಇರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಕೊಟ್ಟದ್ದು 2024ರ ಆಗಸ್ಟ್ 1ರಂದು. ಹಾಗಾಗಿ ಆ ತೀರ್ಮಾನ ದೆಹಲಿಗೆ ಬರೆದ ಒಂದು ಶಿಫಾರಸು ಮಾತ್ರ. ಪರಿಣಾಮ ಏನು? ಮಾರ್ಚ್ 27ರಂದು ಶಿಕಾರಿಪುರದಲ್ಲಿ ಬಂಜಾರ ಬಂಧುಗಳು ಸಿಟ್ಟಿಗೆದ್ದು ಯಡಿಯೂರಪ್ಪನವರ ಮನೆಗೆ ಕಲ್ಲು ತೂರಿದರು. ಯಾರಿಗೂ ಒಂದು ಕಾಳೂ ಸಿಗಲಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗಾಯಿತು. ಅದೇ ದಿನದ ಇನ್ನೊಂದು ತೀರ್ಮಾನ ಮುಸ್ಲಿಮರ 2ಬಿ ಅಡಿಯ ಶೇ. 4ನ್ನು ಕಿತ್ತು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಹಂಚಿದ್ದು. ಸುಪ್ರೀಂ ಕೋರ್ಟಿನ ಮುಂದೆ ಸರ್ಕಾರವೇ ಸದ್ಯಕ್ಕೆ ಜಾರಿ ಮಾಡುವುದಿಲ್ಲ ಅಂತ ಹೇಳಬೇಕಾಯಿತು. ಕಿತ್ತುಕೊಂಡದ್ದೂ ದಕ್ಕಲಿಲ್ಲ, ಕೊಟ್ಟದ್ದೂ ದಕ್ಕಲಿಲ್ಲ.

ಆದರೂ 12 ಮೀಸಲು ಕ್ಷೇತ್ರ ಬಿಜೆಪಿಗೆ ಬಂದವು. ಅದನ್ನು ನುಂಗಿಕೊಳ್ಳಬಾರದು. ಮೂರರಲ್ಲಿ ಒಂದು. ಆ ಕ್ಷೇತ್ರಗಳಲ್ಲಿ ಮೇಲುಜಾತಿ ಓಟೇ ಗೆಲ್ಲಿಸಿತು ಅಂತ ಹೇಳುವುದು ಅರ್ಧ ನಿಜ. ಇನ್ನರ್ಧ ಏನೆಂದರೆ ನಮ್ಮ ಕೇರಿಯ ಒಂದು ಭಾಗ ಆ ಪಕ್ಷದ ಮಾತನ್ನು ಕೇಳಿಸಿಕೊಂಡಿದೆ. ಯಾಕೆ? ದಲಿತ ಚಳವಳಿ ಅಂದರೆ ತಮ್ಮನ್ನು ಹಿಂದಿನ ಸಾಲಿನಲ್ಲಿ ಕೂರಿಸುವ ಚಳವಳಿ ಅಂತ ಅವರಿಗೆ ಅನ್ನಿಸಿದ್ದರೆ ಅದಕ್ಕೆ ನಾಗಪುರ ಕಾರಣವಲ್ಲ, ನಾವು ಕಾರಣ. ಎಡಗೈ ಹುಡುಗ ವೇದಿಕೆಯಲ್ಲಿ ಒಳಮೀಸಲಾತಿ ಅಂದ ಕೂಡಲೇ "ಈಗ ಒಡಕು ಬೇಡ" ಅಂತ ಮೈಕು ಕಿತ್ತುಕೊಂಡವರು ನಮ್ಮ ಸಭೆಗಳಲ್ಲೇ ಇದ್ದರು. ಆ ಮೈಕನ್ನು ಬೇರೆಯವರು ಕೊಟ್ಟರೆ ಹುಡುಗ ಹೋಗದೆ ಏನು ಮಾಡ್ತಾನೆ?

ಇನ್ನು ಮೇ 6ರ ದಾರಿಯ ಪೊರಕೆಯವರು. 2022ರ ಜುಲೈ ಮೊದಲ ವಾರ ಬೆಂಗಳೂರಿನ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಹೂಡಿದರು. ನಗರ ನಾಲ್ಕು ದಿನಕ್ಕೆ ಮೂಗು ಮುಚ್ಚಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ 11,133 ಪೌರಕಾರ್ಮಿಕರ ಹುದ್ದೆಗಳಿಗೆ ಒಪ್ಪಿಗೆ ಕೊಟ್ಟಿತು. ಇದು ಕೈಗೆ ಸಿಗುವ, ಎಣಿಸಬಹುದಾದ ಕೆಲಸ. ಆಳುವ ಪಕ್ಷಕ್ಕೆ ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಬೇಕಿತ್ತೆ? ಅಭ್ಯರ್ಥಿಗಳು ಪೌರಕಾರ್ಮಿಕರ ಕಾಲೋನಿಗೆ ಹೋಗಿ, ಅಮ್ಮಂದಿರೇ ನಾವು ಇಷ್ಟು ಮಾಡಿದ್ದೇವೆ, ಇಷ್ಟು ಬಾಕಿ ಇದೆ ಅನ್ನಬಹುದಿತ್ತು. ನಾವು ನೋಡಿದ ಬೀದಿಗಳಲ್ಲಿ ಯಾರೂ ಅನ್ನಲಿಲ್ಲ. ಆಕೆಯನ್ನು ಸಂದಿಯಲ್ಲಿ ನಿಲ್ಲಿಸಿದರು.

ಇದಕ್ಕೆ ಎರಡು ಕಾರಣ ನಮಗೆ ಕಾಣುತ್ತದೆ. ಒಂದು, ಮುಷ್ಕರ ಮಾಡಿ ಪಡೆದದ್ದನ್ನು ಭಿಕ್ಷೆ ಅಂತ ತೋರಿಸಲಾಗುವುದಿಲ್ಲ. ಪೋಸ್ಟರಿನಲ್ಲಿ ಕೊಡುವವರ ಕೈ ಮೇಲಿರಬೇಕು, ಪಡೆಯುವವರ ಕೈ ಕೆಳಗಿರಬೇಕು. ಕೆಳಗಿನ ಕೈ ಮುಷ್ಟಿ ಕಟ್ಟಿದ್ದರೆ ಚಿತ್ರ ಕೆಡುತ್ತದೆ. ಎರಡನೆಯದು ಇನ್ನೂ ಸರಳ. ಹೇಳಬೇಕಾದ ಮನುಷ್ಯರೇ ಇರಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆಮೇಲೆ ಚುನಾವಣೆ ನಡೆಸಲೇ ಇಲ್ಲ. ನಲ್ಲಿ ಕೆಟ್ಟರೆ, ಮೋರಿ ಕಟ್ಟಿದರೆ ಬಾಗಿಲು ಬಡಿಯಲು ಒಬ್ಬ ಕಾರ್ಪೊರೇಟರ್ ಇಲ್ಲದೆ ಎರಡೂವರೆ ವರ್ಷ ಕಳೆದಿತ್ತು. ಪ್ರಚಾರದಲ್ಲಿ ಆ ಕಾರ್ಪೊರೇಟರೇ ಕಾಲಾಳು. ಯಾವ ಮನೆಯಲ್ಲಿ ಪೆನ್ಷನ್ ನಿಂತಿದೆ, ಯಾರ ಮಗ ಜೈಲಿನಲ್ಲಿದ್ದಾನೆ ಅಂತ ಗೊತ್ತಿರುವವನು ಅವನೇ. ಕಾಲಾಳುಗಳನ್ನು ತಾನೇ ಮನೆಗೆ ಕಳಿಸಿ ಆನೆ ಮೇಲೆ ಅಂಬಾರಿ ಕಟ್ಟಿದ ಯುದ್ಧ ಅದು.

ಅದೇ ವಾರಗಳಲ್ಲಿ ಕಾಂಗ್ರೆಸ್ಸಿನವರು ಮನೆ ಮನೆಗೆ ಒಂದು ಕಾರ್ಡು ಹಂಚುತ್ತಿದ್ದರು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಸಹಿ ಇದ್ದ ಗ್ಯಾರಂಟಿ ಕಾರ್ಡು. 200 ಯೂನಿಟ್ ಕರೆಂಟು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆ.ಜಿ. ಅಕ್ಕಿ, ಹೆಂಗಸರಿಗೆ ಬಸ್ಸು, ಓದಿ ಕೂತವರಿಗೆ ಭತ್ಯೆ. ಕಾವ್ಯದ ದೃಷ್ಟಿಯಿಂದ ನೋಡಿದರೆ ಏನೂ ಇಲ್ಲದ ಒಣ ಕಾಗದ. ಆದರೆ ಹೆಂಗಸರು ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟರು. ನಾವೇ ನೋಡಿದ್ದೇವೆ. ಹೂವು ಮರುದಿನ ಬಾಡಿ ಕಸದ ಗಾಡಿಗೆ ಹೋಗುತ್ತದೆ, ಸಹಿ ಹಾಕಿದ ಕಾಗದವನ್ನು ಮುಂದೆ ಹಿಡಿದು ಕೇಳಬಹುದು ಅನ್ನುವ ವ್ಯವಹಾರ ಜ್ಞಾನ ಅವರದು.

ಹಿರಿಯ ಗೆಳೆಯರು ಇದನ್ನೆಲ್ಲ 1983ಕ್ಕೆ ಹೋಲಿಸುತ್ತಾರೆ. ಹೋಲಿಕೆಯಲ್ಲಿ ಸತ್ವ ಇದೆ. ಗುಂಡೂರಾವ್ ಸರ್ಕಾರಕ್ಕೂ ಜನ ಬೇಸತ್ತಿದ್ದರು. 1980ರ ಜುಲೈನಲ್ಲಿ ನರಗುಂದ ನವಲಗುಂದದ ಗೋಲಿಬಾರು, ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರ ದೀರ್ಘ ಮುಷ್ಕರ, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದ ಗೋಕಾಕ್ ಚಳವಳಿ, ಎಲ್ಲ ಒಟ್ಟಾಗಿದ್ದವು. ಆಗಲೂ ಇಲ್ಲಿನ ಮುಖ ನಡೆಯುವುದಿಲ್ಲ ಅಂತ ದೆಹಲಿಯ ಮುಖ ನಂಬಿದ್ದರು. ಇಂದಿರಾ ಗಾಂಧಿಯೇ ಬಂದು ಸುತ್ತಿದರು. ಕಾಂಗ್ರೆಸ್ಸಿಗೆ ಓಟು ಶೇ. 40 ದಾಟಿತ್ತು, ಜನತಾ ಪಕ್ಷಕ್ಕೆ ಶೇ. 33. ಆದರೂ ಸೀಟು ಕಾಂಗ್ರೆಸ್ಸಿಗೆ 82, ಜನತಾಕ್ಕೆ 95. ಗುಂಡೂರಾಯರು ಸೋಮವಾರಪೇಟೆಯಲ್ಲಿ ತಾವೇ ಸೋತರು. ಬೊಮ್ಮಾಯಿ ಶಿಗ್ಗಾವಿಯಲ್ಲಿ ಗೆದ್ದರು. ಈ ವ್ಯತ್ಯಾಸ ಸಣ್ಣದಲ್ಲ. 1983ರಲ್ಲಿ ಜನ ಒಬ್ಬ ಮನುಷ್ಯನ ದರ್ಪವನ್ನು ಸೋಲಿಸಿದರು. 2023ರಲ್ಲಿ ಸರ್ಕಾರ ಸೋತಿತು, ಅದರ ಹಿಂದಿನ ವಿಚಾರ ಸೋಲಲಿಲ್ಲ. ಸಾಕ್ಷಿ ಬೇಕಾದರೆ ಮುಂದಿನ ವರ್ಷವೇ ಇದೆ. 2024ರ ಲೋಕಸಭೆಯಲ್ಲಿ ಬಸವನಗುಡಿ ಇರುವ ಬೆಂಗಳೂರು ದಕ್ಷಿಣ, ಚಾಮರಾಜಪೇಟೆ ಇರುವ ಬೆಂಗಳೂರು ಕೇಂದ್ರ, ಮಲ್ಲೇಶ್ವರ ಇರುವ ಬೆಂಗಳೂರು ಉತ್ತರ ಮೂರೂ ಬಿಜೆಪಿಗೇ ಹೋದವು. ರಾಜ್ಯದ 28ರಲ್ಲಿ ಬಿಜೆಪಿ 17, ಅದರ ಜೊತೆಗೆ ಸೇರಿಕೊಂಡ ಜೆಡಿಎಸ್ 2, ಗ್ಯಾರಂಟಿ ಕೊಟ್ಟ ಕಾಂಗ್ರೆಸ್ಸಿಗೆ 9.

ಆದ್ದರಿಂದ ನಮ್ಮ ತೀರ್ಪು ಹೀಗೆ. ಆ ಪ್ರಚಾರ ತನ್ನವರನ್ನು ಕಾಯ್ದುಕೊಳ್ಳುವುದರಲ್ಲಿ ಪೂರ್ತಿ ಗೆದ್ದಿತು. ಆಳಿದ್ದಕ್ಕೆ ಲೆಕ್ಕ ಒಪ್ಪಿಸುವುದರಲ್ಲಿ ಪೂರ್ತಿ ಸೋತಿತು, ಸೋತಿತು ಅನ್ನುವುದಕ್ಕಿಂತ ಆ ಕೆಲಸಕ್ಕೆ ಕೈಯನ್ನೇ ಹಾಕಲಿಲ್ಲ. ನಮ್ಮ ಕಡೆಯವರು ಎರಡನೆಯದನ್ನು ನೋಡಿ ಚಪ್ಪಾಳೆ ತಟ್ಟಿದರು, ಮೊದಲನೆಯದನ್ನು ನೋಡಲೇ ಇಲ್ಲ.

ಗೆದ್ದವರ ಬಗ್ಗೆಯೂ ಎರಡು ಮಾತು. 2028ಕ್ಕೆ ಅವರೂ ಆಳಿದವರಾಗಿ ಓಟು ಕೇಳಬೇಕು. ಪರಿಶಿಷ್ಟರ ಹಣ ಪರಿಶಿಷ್ಟರಿಗೇ ಖರ್ಚಾಗಬೇಕು ಅಂತ 2013ರಲ್ಲಿ ಕಾಯಿದೆ ಮಾಡಿದ್ದು ಸಿದ್ದರಾಮಯ್ಯನವರ ಸರ್ಕಾರವೇ. 2023ರಲ್ಲಿ ಅದೇ ನಿಧಿಯಿಂದ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ಹೊಂದಿಸಿದ್ದೂ ಅವರ ಸರ್ಕಾರವೇ. ಎಲ್ಲರಿಗೂ ಕೊಡುವ ಅಕ್ಕಿಯನ್ನು ನಮ್ಮ ಪಾಲಿನ ಚೀಲದಿಂದ ಅಳೆದರೆ ನಮಗೆ ಬಂದದ್ದೇನು? 2024ರಲ್ಲಿ ವಾಲ್ಮೀಕಿ ನಿಗಮದ ಹಣದ ಹಗರಣದಲ್ಲಿ ಸಚಿವರೊಬ್ಬರು ರಾಜೀನಾಮೆ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿಯನ್ನು 6, 6, 5 ಅಂತ ಹಂಚಿದಾಗ ಅಲೆಮಾರಿ ಜಾತಿಗಳಿಗೆ ಬೇರೆ ಪಾಲೇ ಉಳಿಯಲಿಲ್ಲ. ಅವರೂ ಹೋಗಿ ಕೂತದ್ದು ಅದೇ ಬಿಸಿಲಿಗೆ.

ಪೌರಕಾರ್ಮಿಕರ ಕಾಯಂ ಪತ್ರ ಬಂದದ್ದು 2025ರ ಮೇ 1ಕ್ಕೆ. ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಮಂದಿಗೆ ಮುಖ್ಯಮಂತ್ರಿಯ ಕೈಯಿಂದ ಕೊಡಿಸಿದರು. ಮುಷ್ಕರ ನಡೆದದ್ದು ಒಬ್ಬರ ಕಾಲದಲ್ಲಿ, ಹುದ್ದೆಗೆ ಒಪ್ಪಿಗೆ ಬಂದದ್ದೂ ಅವರ ಕಾಲದಲ್ಲಿ, ಪತ್ರ ಸಿಕ್ಕದ್ದು ಇನ್ನೊಬ್ಬರ ಕಾಲದಲ್ಲಿ. ಚಾಮರಾಜಪೇಟೆಯಲ್ಲಿ ಅವತ್ತು ಮಾತಾಡಿದ ಅಕ್ಕ ಆಮೇಲೆ ಒಂದು ದಿನ ಸಿಕ್ಕರು. ಪತ್ರ ಸಿಕ್ಕಿದೆ ಅಂದರು. ಯಾರು ಕೊಡಿಸಿದ್ದು ಅಂತ ಕೇಳಿದೆವು.

"ನಾಕು ದಿನ ಕಸ ಎತ್ಲಿಲ್ಲವಲ್ಲಣ್ಣಾ, ಅವಾಗ" ಅಂದರು.